ದೋಣಿ ದಲ್ಲಾಳಿ ಕೇಳಿದ ಪ್ರಶ್ನೆ

ಹಡಗಿನ ಎಂಜಿನಿಯರ್ ಕೆಲಸದಿಂದ ನಿವೃತ್ತನಾಗಿ ದಾವಣಗೆರೆಗೆ ಮರಳಿದ ಮೇಲೆ, ಹೆಂಡತಿಯೊಂದಿಗೆ ದೂರದ ಸಮುದ್ರ ಸುತ್ತಲು ಹಾಯಿದೋಣಿ ಕೊಳ್ಳಬೇಕೆಂದು ದಲ್ಲಾಳಿಗಳನ್ನು ಹುಡುಕಿದೆ. ಮುಂಬೈಯವನು ಸಂಜೆ ವಿಹಾರದ ದೋಣಿಗಳನ್ನೇ ತೋರಿಸಿದ. ಗೋವಾದವನು ನಮ್ಮನ್ನೇನೂ ಕೇಳದೆ ಎಲ್ಲವನ್ನೂ ಹೊಗಳಿದ. ಕೊನೆಗೆ ಮಂಗಳೂರಿನವರೊಬ್ಬರು ಸಿಕ್ಕರು. ನಾನೂ ಹೆಂಡತಿಯೂ ಹರಿಹರದ ಹೊಳೆದಂಡೆಯಲ್ಲಿ ಕೂತಿದ್ದಾಗ ಅವರ ಫೋನ್ ಬಂತು; ಅವಳಿಗೂ ಕೇಳಲೆಂದು ಸ್ಪೀಕರ್‌ಗೆ ಹಾಕಿದೆ.

"ನೀವು ಮಲಗಿದಾಗ ದೋಣಿ ನೋಡಿಕೊಳ್ಳುವವರು ಯಾರು?"

"ನನ್ನ ಹೆಂಡತಿ" ಎಂದೆ.

ಪಕ್ಕದಲ್ಲಿದ್ದ ಅವಳು ನನ್ನ ತೋಳು ಹಿಡಿದಳು. "ಬ್ಯಾಡ್ರಿ. ನನಗೆ ಕಣ್ಣು ಮಂಜಾಗ್ತಾ ಐತೆ. ವಾಸಿ ಆಗಲ್ಲ ಅಂದಾರೆ ಡಾಕ್ಟ್ರು. ನಿಮ್ಮ ಆಸೆ ಕೆಡಿಸಬಾರ್ದು ಅಂತ ಸುಮ್ನಿದ್ದೆ."

ಅದು ದಲ್ಲಾಳಿಗೂ ಕೇಳಿಸಿತ್ತು. "ಹಾಗಾದರೆ ನಾನು ನಿಮಗೆ ದೋಣಿ ಕೊಡಿಸುವುದಿಲ್ಲ ಸರ್" ಎಂದರು.

ನಂಬಬಹುದಾದ ದಲ್ಲಾಳಿ ಸಿಕ್ಕಿದ್ದರು. ಅವಳ ಕೈ ಹಿಡಿದು, ಒಂದೊಂದೇ ಮೆಟ್ಟಿಲು ಹೇಳುತ್ತಾ ದಂಡೆ ಹತ್ತಿಸಿದೆ.