ಗಿಟಾರು ಕಲಿಸಿದ ಸಿಸ್ಟರ್

ಹೋದ ವಾರ ಚಿತ್ರದುರ್ಗದ ಲ್ಯಾಬೊಂದರಲ್ಲಿ ಸಕ್ಕರೆ ಪರೀಕ್ಷೆಗೆಂದು ತೋಳು ಚಾಚಿ ಕುಳಿತಿದ್ದೆ. ಅಲ್ಲಿದ್ದ ಹುಡುಗಿ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಮೊಣಕೈ ಮಡಿಕೆಗೆ ಉಜ್ಜಿದಳು. ಆ ವಾಸನೆಗೆ ಎಲ್ಲರಿಗೂ ಆಸ್ಪತ್ರೆ ನೆನಪಾಗುತ್ತದೆ. ನನಗೆ ಗಿಟಾರು ನೆನಪಾಯಿತು. ಗಿಟಾರಿನ ತಂತಿಗಳ ಮೇಲೆ, ಮೇಲಿಂದ ಕೆಳಕ್ಕೆ, ಸ್ಪಿರಿಟ್ ಹತ್ತಿ ಎಳೆಯುತ್ತಿದ್ದ ಒಂದು ಕೈ ನೆನಪಾಯಿತು. ಸೂಜಿ ಚುಚ್ಚಿ ತೆಗೆದದ್ದೂ ಗೊತ್ತಾಗಲಿಲ್ಲ. "ಆಯ್ತು ಮೇಡಂ, ಕೈ ಮಡಚ್ಕಳ್ರಿ" ಎಂದು ಹುಡುಗಿ ಮತ್ತೊಮ್ಮೆ ಹೇಳಬೇಕಾಯಿತು.

ಆಗ ನಾನು ಹೊಸದುರ್ಗದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಮನೆ ಹಿರಿಯೂರಿನ ಕಡೆ. ವಾರವೆಲ್ಲ ಕಚೇರಿಯ ಜನಜಂಗುಳಿಯಲ್ಲಿ ಹಿಂಡಿ ಹಿಪ್ಪೆಯಾಗಿ, ಭಾನುವಾರ ಊರಿಗೆ ಹೋಗಿಬರುವ ತ್ರಾಣವೂ ಉಳಿಯದೆ, ಬಾಡಿಗೆ ರೂಮಿನಲ್ಲೇ ಬಿದ್ದಿರುತ್ತಿದ್ದೆ. ಹಾಗೊಂದು ಭಾನುವಾರ ಸಂಜೆ ತರಕಾರಿಗೆಂದು ಪೇಟೆಗೆ ಹೋದಾಗ ಕೊಬ್ಬರಿ ಮಂಡಿಯೊಂದರ ಮಾಳಿಗೆಯಿಂದ ಗಿಟಾರಿನ ಸದ್ದು ಕೇಳಿಸಿತು. ಒಂದಲ್ಲ, ನಾಲ್ಕಾರು ಗಿಟಾರು. ಎಲ್ಲವೂ ಒಂದೇ ಜಾಗಕ್ಕೆ ಬಂದು ಎಡವಿ ನಿಲ್ಲುತ್ತಿದ್ದವು. ಮತ್ತೆ ಮೊದಲಿಂದ ಶುರು. ಮತ್ತೆ ಅಲ್ಲೇ ಎಡವು. ಯಾಕೋ ಗೊತ್ತಿಲ್ಲ, ಚೀಲ ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆ.

ಬಾಗಿಲಲ್ಲಿ ನಿಂತವಳನ್ನು ಮೊದಲು ನೋಡಿದ್ದು ಸಿಸ್ಟರ್. ಸರ್ಕಾರಿ ಆಸ್ಪತ್ರೆಯ ನರ್ಸು ಅವರು. ಊರಿಗೆಲ್ಲ ಸಿಸ್ಟರ್, ನಮಗೂ ಸಿಸ್ಟರ್. ನಲವತ್ತು ದಾಟಿದ ಸಣಕಲು ಹೆಂಗಸು. ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು.

"ಯಾರನ್ನ ನೋಡ್ಬೇಕಿತ್ತಮ್ಮ?"

"ಯಾರನ್ನೂ ಇಲ್ಲ. ಸದ್ದು ಕೇಳಿಸ್ತು, ಬಂದೆ."

"ಹಂಗಾದ್ರೆ ಬರ್ರಿ, ಕುಂತ್ಕಳ್ರಿ. ಸದ್ದು ಮಾಡೋರು ನಮಗೆ ಕಮ್ಮಿ ಅದಾರೆ."

ನಾನು ಬೇಡ ಬೇಡ ಎನ್ನುವಷ್ಟರಲ್ಲಿ ತೊಡೆಯ ಮೇಲೆ ಗಿಟಾರು ಬಂದು ಕೂತಿತ್ತು. ಎರಡು ಬೆರಳನ್ನು ಹಿಡಿದು ತಂತಿಗಳ ಮೇಲೆ ಒತ್ತಿಸಿದರು. "ನೋವಾಗ್ತೈತೆ. ಆಗ್ಲಿ. ಈಗ ಬಾರ್ಸು." ಬಾರಿಸಿದೆ. ಕೆಟ್ಟ ಸದ್ದು ಬಂತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಎಷ್ಟೋ ದಿನದ ಮೇಲೆ ನಕ್ಕಿದ್ದೆ ಅನ್ನಿಸುತ್ತದೆ.

ಸಿಸ್ಟರ್ ಹುಟ್ಟಿದ್ದು ಹಿರೇಗುಂಟನೂರಿನ ಒಕ್ಕಲು ಮನೆಯಲ್ಲಿ. ಚಿತ್ರದುರ್ಗದಲ್ಲಿ ನರ್ಸಿಂಗ್ ಓದುವಾಗ ಹಾಸ್ಟೆಲಿನ ಜೊತೆಗಾತಿಯೊಬ್ಬಳು ಗಿಟಾರು ಕಲಿಸಿ, ಓದು ಮುಗಿದು ಹೋಗುವಾಗ ತನ್ನ ಗಿಟಾರನ್ನು ಇವರಿಗೇ ಬಿಟ್ಟುಹೋಗಿದ್ದಳಂತೆ. ಹೊಸದುರ್ಗಕ್ಕೆ ಬಂದ ಮೇಲೆ ಮಂಡಿಯ ಸಾವ್ಕಾರರ ತಾಯಿಗೆ ಕಾಯಿಲೆಯಾದಾಗ ಮನೆಗೇ ಹೋಗಿ ಶುಶ್ರೂಷೆ ಮಾಡಿದ್ದರು. ಏನಾದರೂ ಕೇಳಿ ಎಂದ ಸಾವ್ಕಾರರ ಹತ್ತಿರ ಅವರು ಕೇಳಿದ್ದು ಮಾಳಿಗೆಯ ಒಂದು ಕೋಣೆಯನ್ನು, ಅದೂ ಭಾನುವಾರ ಮಾತ್ರ. ಹಾಗೆ ಹುಟ್ಟಿದ್ದು ನಮ್ಮ ಗಿಟಾರು ಬಳಗ. ಅದಕ್ಕೊಂದು ಬೋರ್ಡು ಇರಲಿಲ್ಲ, ಅಧ್ಯಕ್ಷರು ಕಾರ್ಯದರ್ಶಿ ಇರಲಿಲ್ಲ. ಸಿಸ್ಟರ್ ಇದ್ದರು.

ಬಾಗಿಲು ತೆಗೆಯುವವರು ಅವರು, ಕೊಬ್ಬರಿ ಚೀಲಗಳನ್ನು ಮೂಲೆಗೆ ಸರಿಸಿ ಕಸ ಹೊಡೆಯುವವರು ಅವರು. ಯಾರು ಬರಲಿಲ್ಲವೋ ಅವರಿಗೆ ಫೋನು ಮಾಡುವವರು ಅವರೇ. ತಂತಿ ಕಿತ್ತುಹೋದರೆ ದಾವಣಗೆರೆಗೆ ಹೋಗುವ ಯಾರ ಕೈಯಲ್ಲಾದರೂ ತರಿಸಿ ಕಟ್ಟುತ್ತಿದ್ದರು. ಎಲ್ಲರೂ ಹೊರಟ ಮೇಲೆ ಒಂದೊಂದು ಗಿಟಾರಿನ ತಂತಿಯನ್ನೂ ಸ್ಪಿರಿಟ್ಟಿನಿಂದ ಒರೆಸುತ್ತಿದ್ದರು, ಬೆವರಿಗೆ ತುಕ್ಕು ಹಿಡಿಯುತ್ತದೆಂದು. ರಾತ್ರಿ ಪಾಳಿ ಮುಗಿಸಿ ಬಂದ ದಿನಗಳಲ್ಲಿ ಬಾರಿಸುತ್ತಲೇ ಅವರ ಕಣ್ಣು ಮುಚ್ಚಿಹೋಗುತ್ತಿತ್ತು. ಕೈ ಮಾತ್ರ ನಿಲ್ಲುತ್ತಿರಲಿಲ್ಲ. ನಮ್ಮಲ್ಲಿ ಯಾರಾದರೂ ತಪ್ಪಿದ ಕೂಡಲೇ ಕಣ್ಣು ಬಿಡುತ್ತಿದ್ದರು... ಆ ನೋಟದಲ್ಲಿ ಬೈಗುಳ ಇರುತ್ತಿರಲಿಲ್ಲ. ವಾರ್ಡಿನಲ್ಲಿ ಯಾರೋ ನರಳಿದರೆ ಏಳುವ ಹಾಗೆ, ಅಷ್ಟೆ.

ಬಳಗದಲ್ಲಿ ಖಾಯಂ ಅನ್ನಬಹುದಾದವರು ನಾನು ಮತ್ತು ತಾಳ್ಯದಿಂದ ಬೈಕಿನಲ್ಲಿ ಬರುತ್ತಿದ್ದ ಒಬ್ಬ ರೈತರು. ಅವರನ್ನು ನಾವು ತಾಳ್ಯದವರು ಎಂದೇ ಕರೆಯುತ್ತಿದ್ದೆವು. ಗುದ್ದಲಿ ಹಿಡಿದು ದಪ್ಪಗಾದ ಬೆರಳು ಅವರದು. ಒಂದು ತಂತಿ ಒತ್ತಲು ಹೋದರೆ ಪಕ್ಕದ್ದೂ ಒತ್ತಿಹೋಗುತ್ತಿತ್ತು. "ಈ ಬೆರಳಿಗೆ ಇನ್ನೊಂದೀಟು ಅಗಲದ ಗಿಟಾರು ಮಾಡ್ಸಬೇಕು ಸಿಸ್ಟರ್" ಎನ್ನುತ್ತಿದ್ದರು. ಉಳಿದವರು ಬರುತ್ತಿದ್ದರು, ಹೋಗುತ್ತಿದ್ದರು. ಕಾಲೇಜಿನವರು ಪರೀಕ್ಷೆ ಬಂದರೆ ಮಾಯ. ಒಬ್ಬ ಲೈನ್‌ಮನ್ ಕೈ ಕುದುರುವಷ್ಟರಲ್ಲಿ ವರ್ಗವಾಗಿ ಹೋದ. ಹೊಸಬರು ಬಂದಾಗ ಸಿಸ್ಟರ್ ಮತ್ತೆ ಅದೇ ಮೊದಲ ಪಾಠ, ಅದೇ ಎರಡು ಬೆರಳು, ಅದೇ "ನೋವಾಗ್ತೈತೆ, ಆಗ್ಲಿ." ಒಂದು ದಿನ ಕೇಳಿಯೇ ಬಿಟ್ಟೆ: "ನಿಮಗೆ ಬೇಜಾರಾಗಲ್ವಾ ಸಿಸ್ಟರ್?"

"ಆಗ್ತೈತೆ ಕಣಮ್ಮ. ಸಾಕಾಗ್ತೈತೆ." ಗೋಡೆಗೆ ಒರಗಿ ಕಾಲು ಚಾಚಿದರು. "ವಾರ್ಡಲ್ಲೂ ಹಿಂಗೇ ಅಲ್ವಾ. ವಾಸಿಯಾದೋರು ಹೋಗ್ತಾರೆ. ತಿರುಗಿ ಬರ್ಲಿ ಅಂತ ಅಂದ್ಕಳಾಕಾಗ್ತೈತಾ?"

ಸಿಸ್ಟರ್ ಯಾವತ್ತೂ ಮುಂದೆ ಕೂತು ರಾಗ ನುಡಿಸಿದವರಲ್ಲ. ಹಾಡಿನ ಎಳೆಯನ್ನು ಬೇರೆಯವರಿಗೆ ಬಿಟ್ಟು, ಹಿಂದೆ ಕೂತು, ಆರೂ ತಂತಿಗಳನ್ನು ಒಟ್ಟಿಗೆ ಮೀಟುತ್ತ ಲಯ ಹಿಡಿಯುವುದು ಅವರ ಕೆಲಸ. ನೀವೊಮ್ಮೆ ಒಬ್ಬರೇ ಬಾರಿಸಿ ಎಂದು ಎಷ್ಟು ಕೇಳಿದರೂ, "ನಾನು ಮುಂದಕ್ಕೆ ಹೋದ್ರೆ ನಿಮ್ಮನ್ನ ಹಿಡಿಯೋರ್ಯಾರು?" ಎಂದು ತೇಲಿಸಿಬಿಡುತ್ತಿದ್ದರು.

ಒಂದು ಮಳೆಗಾಲದಲ್ಲಿ ಡ್ಯೂಟಿಯಿಂದ ಮನೆಗೆ ಹೋಗುವಾಗ ಅವರ ಸ್ಕೂಟಿ ಕೆಸರಿನಲ್ಲಿ ಜಾರಿ ಎಡಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಬೆರಳು ಮಡಚಲು ಬರಲಿಲ್ಲ. ಇಂಜೆಕ್ಷನ್ ಬಲಗೈಯಲ್ಲಿ ಕೊಡುತ್ತಿದ್ದರಾದ್ದರಿಂದ ಕೆಲಸ ಹೇಗೋ ನಡೆಯಿತು. ತಂತಿ ಒತ್ತಬೇಕಾದ್ದು ಎಡಗೈ. ಅವರ ಗಿಟಾರು ಮುಗಿಯಿತು ಎಂದು ನಮಗೆಲ್ಲ ಗೊತ್ತಾಯಿತು.

ಆದರೂ ಭಾನುವಾರ ಕೋಣೆ ತೆರೆದಿರುತ್ತಿತ್ತು. ಒಂದೇ ಕೈಯಲ್ಲಿ ಕಸ ಹೊಡೆದು, ಚೀಲದ ಮೇಲೆ ಕೂತು ಕೇಳುತ್ತಿದ್ದರು. ಅವರು ಹಿಂದೆ ಇಲ್ಲದ ಮೇಲೆ ನಮ್ಮ ಬಣ್ಣ ಬಯಲಾಯಿತು. ನಾನೊಂದು ಕಡೆ ಓಡಿದರೆ ತಾಳ್ಯದವರು ಇನ್ನೊಂದು ಕಡೆ. ಒಂದು ಸಂಜೆ ತಾಳ್ಯದವರು ಗಿಟಾರನ್ನು ಕೆಳಗಿಟ್ಟು, "ಇದು ಆಗೋ ಕೆಲಸ ಅಲ್ಲ ಬಿಡ್ರಿ ಸಿಸ್ಟರ್. ಈ ವಾರಕ್ಕೇ ಮುಗಿಸಾಣ" ಎಂದರು. ಸಿಸ್ಟರ್ ಆ ಗಿಟಾರನ್ನೆತ್ತಿ ತೊಡೆಯ ಮೇಲೆ ಅಂಗಾತ ಇಟ್ಟು ನೋಡಿದರು. ಆಮೇಲೆ, "ಬರೋ ವಾರ ಒಂದು ಬಿದಿರಿನ ಚೂರು ಕೆತ್ಕಂಡು ಬರ್ತೀಯೇನಪ್ಪ?" ಎಂದು ಕೇಳಿ, ಕಿರುಬೆರಳು ತೋರಿಸಿ, "ಇಷ್ಟು ದಪ್ಪ" ಎಂದರು.

ಮುಂದಿನ ವಾರ ತಾಳ್ಯದವರು ಬಿದಿರು ತಂದರು. ಸಿಸ್ಟರ್ ತಮ್ಮ ಚೀಲದಿಂದ ಹಳೆಯ ಕಾಲದ ಗಾಜಿನ ಸಿರಿಂಜೊಂದರ ಕೊಳವೆ ತೆಗೆದರು. ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ತಂತಿಗಳ ತುದಿಯಲ್ಲಿ ಬಿದಿರನ್ನು ತೂರಿಸಿ ಎತ್ತರ ಮಾಡಿದರು. ಮಡಚದ ಎಡಗೈಯಿಂದ ಆ ಗಾಜಿನ ಕೊಳವೆಯನ್ನು ತಂತಿಗಳ ಮೇಲಿಟ್ಟು ಮೆಲ್ಲಗೆ ಜಾರಿಸುತ್ತ, ಬಲಗೈಯಿಂದ ಮೀಟಿದರು. ಗಿಟಾರು ಹಾಗೆ ಎಳೆದೆಳೆದು ನುಡಿಯಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಮೊದಮೊದಲು ಬೆಕ್ಕು ಅತ್ತಂತೆ ಇತ್ತು. ಅವರೇ ನಕ್ಕರು. ಆದರೆ ಬಿಡಲಿಲ್ಲ. ವಾರದಿಂದ ವಾರಕ್ಕೆ ಅದು ಯಾರೋ ಬಾಯಿ ಮುಚ್ಚಿಕೊಂಡು ಗುನುಗಿದಂತೆ ಆಗತೊಡಗಿತು. ಅವರು ನುಡಿಸುತ್ತಿದ್ದದ್ದು ಒಂದೇ, ಅವರವ್ವ ರಾಗಿ ಬೀಸುವಾಗ ಗುನುಗುತ್ತಿದ್ದ ಧಾಟಿ. ಪದ ಮರೆತುಹೋಗಿತ್ತಂತೆ. "ಇನ್ಮೇಲೆ ನೀವಿಬ್ರೂ ಹಿಂದೆ ಕೂತ್ಕಳ್ರಿ. ನನ್ನ ನೀವು ಹಿಡೀರಿ" ಎಂದರು. ಲಯ ಹಿಡಿಯುವುದು ಎಂಥ ಬಳಲಿಕೆಯ ಕೆಲಸವೆಂದು ನನಗೆ ಆಗ ತಿಳಿಯಿತು. ಮುಂದಿರುವವರ ಉಸಿರಿಗೆ ಕಾಯುತ್ತ, ಬೆರಳು ಸೆಳೆತ ಹಿಡಿದರೂ ನಿಲ್ಲಿಸದೆ... ಇದನ್ನು ಅವರು ಇಷ್ಟು ವರ್ಷ ನಮಗಾಗಿ ಮಾಡಿದ್ದರು.

ಹೊಳಲ್ಕೆರೆಯ ಕಲ್ಯಾಣ ಮಂಟಪವೊಂದರಲ್ಲಿ ನಿವೃತ್ತರಿಗೆ ಸನ್ಮಾನದ ಕಾರ್ಯಕ್ರಮವಿತ್ತು. ತಾಳ್ಯದವರ ನೆಂಟರ ಮೂಲಕ ನಮಗೂ ಕರೆ ಬಂತು. ಹೊರಗೆ ಬಾರಿಸಲು ನಾವು ಹೋದದ್ದು ಅದೊಂದೇ ಸಲ. ಸಿಸ್ಟರ್ ಇಸ್ತ್ರಿ ಮಾಡಿದ ರೇಷ್ಮೆ ಸೀರೆಯುಟ್ಟು ಬಂದಿದ್ದರು. ಭಾಷಣದ ಮೇಲೆ ಭಾಷಣ. ಹಾರ, ಶಾಲು, ಹಣ್ಣಿನ ಬುಟ್ಟಿ, ಮತ್ತೆ ಭಾಷಣ. ವೇದಿಕೆಯ ಪಕ್ಕದಲ್ಲಿ ಗಿಟಾರು ತಬ್ಬಿಕೊಂಡು ಕುಳಿತೇ ಇದ್ದೆವು. ಕೊನೆಗೆ ನಮ್ಮನ್ನು ಕರೆದ ನಿರೂಪಕರು ಅದೇ ಉಸಿರಿನಲ್ಲಿ ಊಟ ಸಿದ್ಧವಿದೆ ಎಂದೂ ಘೋಷಿಸಿದರು. ನಾವು ವೇದಿಕೆ ಹತ್ತುವಷ್ಟರಲ್ಲಿ ಸಭೆಯೆಲ್ಲ ಎದ್ದು ಊಟದ ಹಾಲಿನ ಕಡೆ ಹರಿದುಹೋಯಿತು. ಎದುರಿಗೆ ಬರೀ ಕುರ್ಚಿ. ಅಲ್ಲಲ್ಲಿ ಎರಡನೇ ಪಂಕ್ತಿಗೆ ಕಾಯುವ ನಾಲ್ಕಾರು ವೃದ್ಧರು.

"ಹೋಗಾಣ ನಡೀರಿ ಸಿಸ್ಟರ್" ಎಂದರು ತಾಳ್ಯದವರು. ಅವರ ಮುಖ ಕೆಂಪಗಾಗಿತ್ತು.

"ಭಾನುವಾರ ಮಾಳಿಗೇಲಿ ನಾವು ಬಾರ್ಸೋದನ್ನ ಯಾರು ಕೇಳ್ತಾರಪ್ಪ? ಕೂತ್ಕ" ಎಂದು ಸಿಸ್ಟರ್ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡರು.

ಬಾರಿಸಿದೆವು. ಒಳಗೆ ತಟ್ಟೆ ಲೋಟಗಳ ಸದ್ದು, ಸಾರು ಸಾರು ಎನ್ನುವ ಕೂಗು. ಅದರ ನಡುವೆ ಆ ಬೀಸುವ ಧಾಟಿ, ಗಾಜು ಜಾರಿದಂತೆ ಎತ್ತರಕ್ಕೆ ಏರಿ ಮೆಲ್ಲಗೆ ಇಳಿಯುತ್ತಿತ್ತು. ಅರ್ಧಕ್ಕೆ ಬಂದಾಗ ಅಡುಗೆಮನೆಯ ಬಾಗಿಲಿಂದ ಪಾತ್ರೆ ತೊಳೆಯುವ ಅಜ್ಜಿಯೊಬ್ಬಳು ಕೈ ಒರೆಸಿಕೊಳ್ಳುತ್ತ ಈಚೆ ಬಂದಳು. ಕುರ್ಚಿಗಳ ಸಾಲಿನಲ್ಲಿ ಹುಡುಕುವಂತೆ ನೋಡಿದಳು. ವೇದಿಕೆಯ ಹತ್ತಿರಕ್ಕೇ ಬಂದು ನಿಂತಳು. ನಾವು ಮುಗಿಸಿದ ಮೇಲೆ ಕೇಳಿದಳು:

"ಹಾಡ್ತಿದ್ದ ಹೆಣ್ಮಗ್ಳು ಎಲ್ಲವ್ವಾ?"

"ಯಾರೂ ಹಾಡ್ಲಿಲ್ಲ ಅಜ್ಜಿ. ಇದು ಗಿಟಾರಿನ ಸದ್ದು" ಎಂದೆ ನಾನು.

ಅವಳು ನಂಬಲಿಲ್ಲ. ಸಿಸ್ಟರ್ ಗಾಜನ್ನು ತಂತಿಯ ಮೇಲಿಟ್ಟು ಅದೇ ಸಾಲನ್ನು ಇನ್ನೊಮ್ಮೆ ಎಳೆದರು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತೇ ಇದ್ದಳು. ಒಳಗಿಂದ ಯಾರೋ ಕೂಗಿದಾಗ ಮೂರೂ ಜನರ ತಲೆ ಮುಟ್ಟಿ ನೆಟಿಕೆ ತೆಗೆದು ಹೋದಳು. ಸಿಸ್ಟರ್ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. "ನಡೀರಿ, ಉಣ್ಣಾಣ. ಹೊಟ್ಟೆ ಹಸೀತೈತೆ" ಎಂದು ಎದ್ದುಬಿಟ್ಟರು.

ಆಮೇಲಿನದ್ದು ಹೇಳುವಂಥದ್ದೇನಿಲ್ಲ. ಸಾವ್ಕಾರರು ತೀರಿಕೊಂಡು ಮಕ್ಕಳು ಮಂಡಿ ಕೆಡವಿಸಿದರು. ಸ್ವಲ್ಪ ದಿನ ಸಿಸ್ಟರ್ ಕ್ವಾರ್ಟರ್ಸಿನಲ್ಲೇ ಸೇರಿದೆವು. ಪಕ್ಕದ ಮನೆಯಲ್ಲಿ ಹಸುಗೂಸಿತ್ತು, ಅದು ಮಲಗಲಿ ಎಂದು ಸಿಸ್ಟರೇ ನಿಲ್ಲಿಸಿದರು. ನನಗೆ ದುರ್ಗಕ್ಕೆ ವರ್ಗವಾಯಿತು. ಅವರು ನಿವೃತ್ತಿಯಾಗಿ ಊರಿಗೆ ಹೋದರು. ಹಬ್ಬಕ್ಕೊಮ್ಮೆ ಫೋನು, ಆಮೇಲೆ ಅದೂ ಇಲ್ಲ... ಕೆಲಸ, ಮನೆ, ಮಂಡಿನೋವು. ದಿನಗಳು ಹಾಗೆಯೇ ಉದುರಿಹೋದವು.

ಮೊನ್ನೆ ಬೇಸಿಗೆಯಲ್ಲಿ ತಾಳ್ಯದವರು ಫೋನು ಮಾಡಿದರು. "ಸಿಸ್ಟರ್ ಹೋಗ್ಬಿಟ್ರಂತೆ ಮೇಡಂ. ತಿಥೀನೂ ಆಗೈತಂತೆ." ಇಬ್ಬರೂ ಹಿರೇಗುಂಟನೂರಿಗೆ ಹೋದೆವು. ಅವರ ತಮ್ಮ ಜಗುಲಿಯ ಮೇಲೆ ಚಾಪೆ ಹಾಸಿ ಕೂರಿಸಿದರು. ನಾವು ಯಾರೆಂದು ಹೇಳಿದೆವು. ಭಾನುವಾರಗಳ ಕಥೆ ಹೇಳಿದೆವು. ಹೊಳಲ್ಕೆರೆಯ ಅಜ್ಜಿಯ ವಿಷಯ ಬಂದಾಗ ಆತ ತಲೆ ತಗ್ಗಿಸಿ ಕೇಳುತ್ತಿದ್ದರು. ಗಿಟಾರನ್ನು ಅಕ್ಕ ಊರಿಗೆ ಬರುವ ಮುಂಚೆಯೇ ಆಸ್ಪತ್ರೆಯ ಹೊಸ ನರ್ಸೊಬ್ಬಳಿಗೆ ಕೊಟ್ಟಿದ್ದರಂತೆ. ಮನೆಯಲ್ಲಿ ಯಾವತ್ತೂ ಬಾರಿಸಿರಲಿಲ್ಲವಂತೆ. ಬಂದಾಗಲೆಲ್ಲ ಯಾರಿಗಾದರೂ ಜ್ವರ, ಯಾರಿಗಾದರೂ ಬಾಣಂತನ.

"ಚೆನ್ನಾಗಿ ಬಾರಿಸ್ತಿದ್ಲೇನ್ರಿ ನಮ್ಮಕ್ಕ?" ಎಂದು ಕೇಳಿದರು.

ಎಷ್ಟೋ ಹೇಳಬೇಕೆನ್ನಿಸಿತು. ಅಷ್ಟರಲ್ಲಿ ತಾಳ್ಯದವರೇ ಹೇಳಿದರು: "ನನ್ನಂಥೋನ ಕೈಲೂ ಬಾರಿಸೋ ಹಂಗೆ ಮಾಡ್ಬಿಟ್ರು ಕಣಪ್ಪ."

ಆತ ಎದ್ದು ಒಳಗೆ ಹೋಗಿ ಹೆಂಡತಿಯನ್ನೂ ಸೊಸೆಯನ್ನೂ ಕರೆದುಕೊಂಡು ಬಂದರು. "ಇವರಿಗೂ ಹೇಳ್ರಿ. ಮೊದಲಿಂದ ಹೇಳ್ರಿ" ಎಂದು ಕೂತರು. ಬಿಸಿಲು ಇಳಿಯುವವರೆಗೂ ನಾವಿಬ್ಬರೂ ಹೇಳಿದೆವು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ಸೇರಿಸಿದೆವು. ಆ ಧಾಟಿ ಹೇಗಿತ್ತು ಎಂದು ಸೊಸೆ ಕೇಳಿದಾಗ ಮಾತ್ರ ಇಬ್ಬರಿಗೂ ಗುನುಗಲು ಬರಲಿಲ್ಲ. ನಮಗೆ ನೆನಪಿದ್ದದ್ದು ಹಿಂದೆ ಕೂತು ಹಿಡಿದ ಲಯ ಅಷ್ಟೆ. ಮುಂದಿನ ರಾಗ ಸಿಸ್ಟರದಾಗಿತ್ತು, ಅವರ ಜೊತೆಯೇ ಹೋಗಿತ್ತು.