ಕೇಳದೆ ಕೊಟ್ಟ ಕೂಸು

ಹರಿಹರದಲ್ಲಿ ನಮ್ಮ ಓಣಿಯ ಕೊನೆಯ ಮನೆ ಸುಂಕಲಮ್ಮನದು. ಊರಿನ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ಆಕೆ ಇಪ್ಪತ್ತು ವರ್ಷಕ್ಕೂ ಮೇಲೆ ಆಯಾ ಆಗಿದ್ದಳು. ನನ್ನ ಇಬ್ಬರು ಮಕ್ಕಳನ್ನೂ ಮೊದಲು ಎತ್ತಿಕೊಂಡವಳು ಆಕೆಯೇ. ಹುಟ್ಟಿದ ಕೂಸನ್ನು ಅಂಗೈ ಮೇಲೆ ಬೋರಲು ಮಲಗಿಸಿಕೊಂಡು ಬೆಚ್ಚನೆಯ ನೀರು ಹಾಕುವಾಗ ಆಕೆಯ ಮುಖದಲ್ಲಿ ಒಂದು ಗತ್ತು ಇರುತ್ತಿತ್ತು. ದೊಡ್ಡ ಡಾಕ್ಟರು ಕೂಡ ಆ ಹೊತ್ತಿನಲ್ಲಿ ಆಕೆಗೆ ಅಡ್ಡ ಬರುತ್ತಿರಲಿಲ್ಲ. ಗಂಡ ನಿಂಗಪ್ಪ ಬೇಗ ತೀರಿಕೊಂಡಿದ್ದ. ಮಗಳು, ಅಳಿಯ ದಾವಣಗೆರೆಯ ಕರೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಮೊಮ್ಮಗಳು ಸುಧಾ ಮಾತ್ರ ಅಜ್ಜಿಯ ಹತ್ತಿರವೇ ಇದ್ದು ಓದುತ್ತಿದ್ದಳು.

ಹೈಸ್ಕೂಲಿನಲ್ಲಿ ಸುಧಾಗೆ ಕನ್ನಡ ಕಲಿಸಿದವನು ನಾನು. ಮುಂದೆ ಆದದ್ದರಲ್ಲಿ ನನ್ನದೂ ಒಂದು ಪಾಲಿದೆ, ಅದನ್ನು ಮುಚ್ಚಿಟ್ಟು ಹೇಳುವುದಕ್ಕೆ ನನಗೆ ಮನಸ್ಸಿಲ್ಲ.

ದಾವಣಗೆರೆಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ವಾಮದೇವಪ್ಪ ಎಂಬ ಅಧ್ಯಾಪಕರು ಅಂಗರಚನಾಶಾಸ್ತ್ರ ಕಲಿಸುತ್ತಿದ್ದರು. ಎಂ.ಸಿ.ಸಿ. ಬಡಾವಣೆಯಲ್ಲಿ ಮನೆ, ಓಡಾಡುವುದಕ್ಕೆ ಹಳೆಯ ಸ್ಕೂಟರ್. ಕಾಲೇಜಿನ ಮ್ಯೂಸಿಯಮ್ಮಿನಲ್ಲಿ ಗರ್ಭದ ಕೂಸು ಆರು ವಾರದಿಂದ ಒಂಬತ್ತು ತಿಂಗಳ ತನಕ ಹೇಗೆ ಬೆಳೆಯುತ್ತದೆ ಎಂದು ತೋರಿಸುವ ಬಾಟಲಿಗಳ ಸಾಲೊಂದನ್ನು ನಿಲ್ಲಿಸಬೇಕೆಂಬುದು ಅವರ ದೊಡ್ಡ ಆಸೆ. ಹರಿಹರದ ಆಸ್ಪತ್ರೆಯ ಡಾಕ್ಟರು ಅವರ ಗೆಳೆಯರು. ಅದೆಲ್ಲ ಸುಂಕಲಮ್ಮನ ಕೈಲಿರೋದು, ಆಕೆಯನ್ನೇ ಕೇಳಿ ಎಂದು ಡಾಕ್ಟರು ಹೇಳಿಬಿಟ್ಟರು.

ವಾಮದೇವಪ್ಪನವರು ಆಕೆಯನ್ನು ಕುರ್ಚಿಯ ಮೇಲೆ ಕೂರಿಸಿ ಮಾತಾಡಿದರು. ಆ ಆಸ್ಪತ್ರೆಯಲ್ಲಿ ಆಕೆ ಒರೆಸಿದ ಕುರ್ಚಿಗಳಿಗೆ ಲೆಕ್ಕವಿರಲಿಲ್ಲ, ಕೂತದ್ದು ಅವತ್ತೇ ಮೊದಲು. “ಚಿತ್ರ ನೋಡಿ ಡಾಕ್ಟರ್ ಆದೋರ ಕೈಗೆ ಬಸುರಿ ಹೆಂಗಸಿನ ಜೀವ ಕೊಡೋಕಾಗಲ್ಲ, ಸುಂಕಲಮ್ಮನೋರೆ. ಕಣ್ಣಾರೆ ನೋಡಿ ಕಲೀಬೇಕು. ಅದು ನಿಮ್ಮಿಂದ ಆಗ್ತೈತೆ” ಎಂದರು. ಹಾಗೆ ಬಹುವಚನದಲ್ಲಿ ಆಕೆಯನ್ನು ಯಾರೂ ಕರೆದಿರಲಿಲ್ಲ.

ಅಲ್ಲಿಂದ ಆಕೆ ಶುರು ಮಾಡಿದಳು. ಗರ್ಭ ಇಳಿದುಹೋದಾಗ, ಕೂಸು ಸತ್ತು ಹುಟ್ಟಿದಾಗ, ಮನೆಯವರಿಗೆ “ನಾವೇ ನೋಡ್ಕಂತೀವಿ, ನೀವು ಬಾಣಂತೀನ ನೋಡ್ಕಳ್ರಿ” ಎನ್ನುತ್ತಿದ್ದಳು. ಬಹಳ ಜನಕ್ಕೆ ಅಷ್ಟೇ ಸಾಕಾಗುತ್ತಿತ್ತು. ಕಾಲೇಜಿನಿಂದ ಬಂದ ಜಾಡಿಯಲ್ಲಿ ಅದನ್ನು ಇಟ್ಟು ಕಳಿಸುತ್ತಿದ್ದಳು. ಇದಕ್ಕಾಗಿ ಒಂದು ರೂಪಾಯಿಯನ್ನೂ ಆಕೆ ಮುಟ್ಟಲಿಲ್ಲ. ಕಳಿಸಿದ ಮೇಲೆ ವಾಮದೇವಪ್ಪನವರು ಆಸ್ಪತ್ರೆಗೆ ಫೋನ್ ಮಾಡಿ, ಆಕೆಯನ್ನು ಫೋನಿಗೆ ಕರೆಸಿ, ಉಪಕಾರವಾಯಿತು ಎನ್ನುತ್ತಿದ್ದರು. ಆಕೆಗೆ ಬೇಕಿದ್ದುದು ಅದು.

ತೊಂಬತ್ತಮೂರರ ಶ್ರಾವಣದಲ್ಲಿ ದವಸದ ವ್ಯಾಪಾರಿ ತೋಟಪ್ಪನವರ ಸೊಸೆ ಮರುಳಸಿದ್ದಮ್ಮ ಆಸ್ಪತ್ರೆಗೆ ಬಂದಳು. ಮೊದಲೆರಡು ಬಸುರು ನಿಂತಿರಲಿಲ್ಲ. ಇದು ಎಂಟು ತಿಂಗಳು ಮುಟ್ಟಿತ್ತು. ಮಠದ ಸ್ವಾಮಿಗಳು ಬಂದು ಹೊಟ್ಟೆಯಲ್ಲಿದ್ದ ಕೂಸಿಗೇ ಲಿಂಗಧಾರಣೆ ಮಾಡಿ ಹೋಗಿದ್ದರು. ಅವರ ಮನೆತನದ ಪದ್ಧತಿ ಅದು, ಕೂಸು ಹುಟ್ಟುವ ಮೊದಲೇ ಅದರದ್ದೆಂದು ಒಂದು ಲಿಂಗ ಸಿದ್ಧವಾಗಿರುತ್ತದೆ. ಹೆಣ್ಣುಕೂಸು ಹುಟ್ಟಿತು, ಉಸಿರಿರಲಿಲ್ಲ. ತಾಯಿಗೆ ರಕ್ತ ನಿಲ್ಲಲಿಲ್ಲ. ಕಾರಿನಲ್ಲಿ ಹಾಕಿಕೊಂಡು ದಾವಣಗೆರೆಗೆ ಓಡಬೇಕಾಯಿತು. ಗಂಡ ಬಕ್ಕೇಶ್ ಆಗಲೇ ಕಾರಿನಲ್ಲಿ ಕೂತಿದ್ದ. ಹತ್ತುವ ಮೊದಲು ತೋಟಪ್ಪನವರು ಬಿಳಿ ಬಟ್ಟೆಯಲ್ಲಿ ಸುತ್ತಿದ ಆ ಪುಟ್ಟ ಲಿಂಗವನ್ನು ಸುಂಕಲಮ್ಮನ ಕೈಗಿತ್ತರು.

“ಕೂಸಿನ ಕೊಳ್ಳಾಗೆ ಕಟ್ಟಿ ಮಣ್ಣು ಮಾಡಿಸವ್ವ. ನಮಗೀಗ ಇಲ್ಲಿ ನಿಲ್ಲೋಕೆ ಆಗ್ತಿಲ್ಲ.”

ಆಕೆ ಹೂಂ ಎಂದಳು. ವಾಮದೇವಪ್ಪನವರ ಸಾಲಿನಲ್ಲಿ ಮೂವತ್ತೆರಡು ವಾರದ ಜಾಗ ಎರಡು ವರ್ಷದಿಂದ ಖಾಲಿ ಇತ್ತು. ಕೂಸನ್ನು ತೊಳೆದಳು. ತಲೆತುಂಬ ಕೂದಲು, ಎಡಗೈಯ ಕಿರುಬೆರಳು ಸ್ವಲ್ಪ ಒಳಕ್ಕೆ ಬಾಗಿತ್ತು. ಸಂಜೆಯ ಹೊತ್ತಿಗೆ ಅದು ದಾವಣಗೆರೆ ಸೇರಿತು. ಲಿಂಗವನ್ನು ಹೊಳೆಗೆ ಬಿಡಲು ಧೈರ್ಯವಾಗದೆ ಮನೆಗೆ ತಂದು ಟ್ರಂಕಿನಲ್ಲಿಟ್ಟಳು. ವಾರ ಕಳೆದು ತೋಟಪ್ಪನವರು ಬಂದು ಕೇಳಿದಾಗ, ತುಂಗಭದ್ರೆಯ ದಂಡೆಯಲ್ಲಿ ಒಂದು ಹೊಂಗೆ ಮರದ ಬುಡವನ್ನು ತೋರಿಸಿದಳು. ಅವರು ಅಲ್ಲಿ ವಿಭೂತಿ ಇಟ್ಟು, ಊದಿನಕಡ್ಡಿ ಹಚ್ಚಿ ಕೈಮುಗಿದರು. ಪಕ್ಕದಲ್ಲಿ ನಿಂತು ಆಕೆಯೂ ಕೈಮುಗಿದಳು.

ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ.

ತೊಂಬತ್ತೇಳರಲ್ಲಿ ಎರಡು ಸುದ್ದಿಗಳು ಬಂದವು. ದಾವಣಗೆರೆ ಜಿಲ್ಲೆಯಾಯಿತು. ಅದಕ್ಕೂ ಮೊದಲು, ಸ್ಕಾಟ್ಲೆಂಡಿನಲ್ಲಿ ಕುರಿಯೊಂದರ ಜೀವಕೋಶದಿಂದ ಅದರ ತದ್ರೂಪದ ಇನ್ನೊಂದು ಕುರಿಯನ್ನೇ ಮಾಡಿದ್ದಾರೆಂದು ಪೇಪರಿನಲ್ಲಿ ಬಂತು. ಕ್ಷೌರದಂಗಡಿಯಲ್ಲಿ ಕೂತವರು ನಗುತ್ತ, ಸಾಲ ಮಾಡಿದವನೇ ಇಬ್ಬರಾದರೆ ವಸೂಲಿ ಯಾರ ಹತ್ತಿರ ಎಂದು ಕೇಳುತ್ತಿದ್ದರು. ಮರುವರ್ಷದ ಹೊತ್ತಿಗೆ, ಅಮೆರಿಕದಲ್ಲೊಬ್ಬರು ಮನುಷ್ಯನನ್ನೂ ಹಾಗೆ ಮಾಡುತ್ತೇನೆಂದು ಹೇಳಿಕೆ ಕೊಟ್ಟ ಮೇಲೆ, ನಗು ಕಡಿಮೆಯಾಗಿತ್ತು. ಫೆಬ್ರವರಿಯ ವಿಜ್ಞಾನ ದಿನಕ್ಕೆ ವಾಮದೇವಪ್ಪನವರ ಕಾಲೇಜು ಜಿಲ್ಲೆಯ ವಿದ್ಯಾರ್ಥಿಗಳಿಗೆ ಚರ್ಚಾಸ್ಪರ್ಧೆ ಇಟ್ಟಿತು. ವಿಷಯ, ಮಾನವ ತದ್ರೂಪ ಮತ್ತು ಭ್ರೂಣ ಸಂಶೋಧನೆ ಬೇಕೇ ಬೇಡವೇ. ಅದೇ ದಿನ ಮ್ಯೂಸಿಯಮ್ಮು ಸಾರ್ವಜನಿಕರಿಗೂ ತೆರೆದಿರುತ್ತದೆ ಎಂದಿತ್ತು.

ಸುಧಾ ಆಗ ಮೊದಲ ಪಿಯುಸಿ. ಬೇಡ ಎನ್ನುವ ಪಕ್ಷದಲ್ಲಿ ಹೆಸರು ಕೊಟ್ಟು, ಭಾಷಣ ತಿದ್ದಿಸಿಕೊಳ್ಳಲು ನನ್ನ ಹತ್ತಿರ ಬಂದಳು. ಬರೀ ಪೇಪರಿನ ಮಾತಾಯಿತು, ನಿನ್ನ ಮನೆಯದೊಂದು ಉದಾಹರಣೆ ಸೇರಿಸು, ನಿಮ್ಮಜ್ಜಿ ಇಲ್ಲವೇ ಎಂದವನು ನಾನು. ಆ ಎರಡು ವಾಕ್ಯಗಳನ್ನು ನಾನೇ ಬರೆದುಕೊಟ್ಟೆ. ಹೌದೋ ಅಲ್ಲವೋ ಎಂದು ಸುಂಕಲಮ್ಮನನ್ನು ಒಂದು ಮಾತು ಕೇಳಲಿಲ್ಲ.

ಅವತ್ತು ನಾವು ಮೂವರೂ ಬಸ್ಸಿನಲ್ಲಿ ಹೋದೆವು. ಸುಂಕಲಮ್ಮ ಮಗ್ಗದ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಳು. ವೇದಿಕೆಯ ಮೇಲೆ ತೀರ್ಪುಗಾರರ ನಡುವೆ ವಾಮದೇವಪ್ಪನವರು.

ಮೊದಲು ಮಾತಾಡಿದ ದಾವಣಗೆರೆಯ ಹುಡುಗ ಬಹಳ ಚೆನ್ನಾಗಿ ಮಾತಾಡಿದ. ಮೊದಲ ದಿನಗಳ ಭ್ರೂಣವೆಂದರೆ ಕೆಲವು ಜೀವಕೋಶಗಳ ಗಂಟು, ಅದಕ್ಕೆ ನೋವಿಲ್ಲ, ನೆನಪಿಲ್ಲ. ಅದನ್ನು ಅಭ್ಯಾಸ ಮಾಡಿ ಸಾಯುವವನೊಬ್ಬನನ್ನು ಉಳಿಸಬಹುದಾದರೆ ಬೇಡವೆನ್ನುವುದೇ ಅನ್ಯಾಯ ಎಂದ. ಅವನ ಅಣ್ಣ ರಕ್ತದ ರೋಗದಿಂದ ತೀರಿಹೋಗಿದ್ದನಂತೆ.

ಸುಧಾ ಎದ್ದು ನಿಂತು, ಅದು ಮನುಷ್ಯನೋ ಅಲ್ಲವೋ ಎಂಬುದನ್ನು ತೀರ್ಮಾನಿಸುವಷ್ಟು ನಾನು ಓದಿಲ್ಲ ಎಂದಳು. ಆದರೆ ಮಾತು ಬಾರದ ಅದರ ಪರವಾಗಿ ಹೂಂ ಎನ್ನುವವರು ಯಾರು, ಹೊತ್ತ ತಾಯಿಯನ್ನಾದರೂ ಕೇಳಬೇಡವೇ ಎಂದಳು. ಆಮೇಲೆ ನಾನು ಬರೆದುಕೊಟ್ಟ ವಾಕ್ಯಗಳು ಬಂದವು. “ನಮ್ಮ ಅಜ್ಜಿ ಓದಿದವಳಲ್ಲ. ಆದರೆ ಸತ್ತು ಹುಟ್ಟಿದ ಕೂಸನ್ನೂ ಆಕೆ ತೊಳೆದು, ಬಟ್ಟೆ ಸುತ್ತಿ, ಗೌರವದಿಂದ ಮಣ್ಣು ಮಾಡಿಸುತ್ತಾಳೆ. ವಿಜ್ಞಾನ ಅವಳಿಂದ ಇಷ್ಟನ್ನು ಕಲಿತರೆ ಸಾಕು.”

ಜೋರು ಚಪ್ಪಾಳೆ. ಅಜ್ಜಿ ಎಲ್ಲಿದ್ದಾರೆ ಎಂದು ಜನ ಕತ್ತು ಹೊರಳಿಸಿ ನೋಡಿದರು. ಸುಂಕಲಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಸಂತೋಷಕ್ಕೆ ಎಂದುಕೊಂಡೆ. ವಾಮದೇವಪ್ಪನವರು ಮುಂದಿದ್ದ ಅಂಕಪಟ್ಟಿಯಿಂದ ತಲೆ ಎತ್ತಲೇ ಇಲ್ಲ.

ಸುಧಾಗೆ ಎರಡನೆಯ ಬಹುಮಾನ ಬಂತು. ಅಜ್ಜಿ ಮನೆಗೆ ಹೋಗೋಣ ಎಂದರೂ ಕೇಳದೆ ಅವಳು ನಮ್ಮನ್ನು ಮ್ಯೂಸಿಯಮ್ಮಿಗೆ ಎಳೆದುಕೊಂಡು ಹೋದಳು. ಕಿಟಕಿಯ ಬದಿಗೆ ಬಾಟಲಿಗಳು ಸಾಲಾಗಿದ್ದವು, ಕಡಲೆಕಾಳಿನಷ್ಟರಿಂದ ಪೂರ್ತಿ ಕೂಸಿನ ತನಕ. ಸುಂಕಲಮ್ಮ ಅಷ್ಟು ವರ್ಷದಲ್ಲಿ ಒಮ್ಮೆಯೂ ಅಲ್ಲಿಗೆ ಬಂದಿರಲಿಲ್ಲ. ಕೊನೆಯಿಂದ ಎರಡನೆಯದರ ಮುಂದೆ ನಿಂತುಬಿಟ್ಟಳು. ಚೀಟಿಯಲ್ಲಿ ‘೩೨ ವಾರ, ಹೆಣ್ಣು’ ಎಂದಿತ್ತು. ಗಾಜಿಗೆ ಒತ್ತಿಕೊಂಡಿದ್ದ ಎಡಗೈಯ ಕಿರುಬೆರಳು ಒಳಕ್ಕೆ ಬಾಗಿತ್ತು. ಕಾಲೇಜು ಹುಡುಗಿಯರಿಬ್ಬರು ಅದನ್ನು ತೋರಿಸಿ ಏನೋ ಪಿಸುಗುಟ್ಟಿ ನಕ್ಕು ಮುಂದೆ ಹೋದರು.

ಅಷ್ಟರಲ್ಲಿ ವಾಮದೇವಪ್ಪನವರು ಬಂದರು. ಇವನ್ನೆಲ್ಲ ಎಲ್ಲಿಂದ ತಂದಿರಿ ಸಾರ್ ಎಂದು ಸುಧಾ ಕೇಳಿದಳು. ಅವರು ಇದ್ದದ್ದನ್ನೇ ಹೇಳಿಬಿಟ್ಟರು. ಸುಳ್ಳು ಹೇಳಬಾರದೆಂದೋ, ಆಕೆಗೆ ಸಲ್ಲಬೇಕಾದ್ದು ಸಲ್ಲಲಿ ಎಂದೋ, ನಾನು ಹೇಳಲಾರೆ.

“ಇದರಾಗೆ ಹನ್ನೊಂದು ನಿಮ್ಮಜ್ಜಿ ಕೊಟ್ಟಿದ್ದಮ್ಮ. ಅವರಿಲ್ದಿದ್ರೆ ಈ ಸಾಲೇ ಇರ್ತಿರಲಿಲ್ಲ.”

ಸುಧಾ ಅಜ್ಜಿಯ ಮುಖ ನೋಡಿದಳು. ಸುಂಕಲಮ್ಮ ಕಾಲಬೆರಳು ನೋಡುತ್ತ ನಿಂತಿದ್ದಳು. ವಾಪಸ್ಸು ಬರುವಾಗ ಬಸ್ಸು ಊರ ಹೊರಗಿನ ಭತ್ತದ ಗದ್ದೆಗಳನ್ನು ದಾಟಿತು. ಆಮೇಲೆ ಸುಧಾ ಮೆಲ್ಲಗೆ ಕೇಳಿದಳು.

“ಅವರವ್ವಂದಿರ್ನ ಕೇಳಿದ್ಯಾ ಅಜ್ಜಿ?”

“ಇಲ್ಲ.”

“ಒಬ್ರನ್ನೂ?”

ಹರಿಹರ ಬಂತು. ಬಹುಮಾನದ ಸ್ಟೀಲ್ ತಟ್ಟೆಯನ್ನು ಸುಧಾ ಸೀಟಿನ ಮೇಲೆಯೇ ಬಿಟ್ಟು ಇಳಿದಳು. ನಾನು ಕೂಗಿ ಹೇಳಬಹುದಿತ್ತು, ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಸುಂಕಲಮ್ಮ ನಮ್ಮ ಮನೆಗೆ ಬಂದು, ಕೂಸುಗಳ ಬಗ್ಗೆ ಇಲ್ಲಿಯವರೆಗೆ ನಾನು ಬರೆದದ್ದನ್ನೆಲ್ಲ ನಿಂತುಕೊಂಡೇ ಹೇಳಿದಳು. ಕೂತುಕೊಳ್ಳಿ ಎಂದರೆ ಕೂರಲಿಲ್ಲ. ತೋಟಪ್ಪನವರ ಮನೆಗೆ ಜೊತೆಗೆ ಬರುತ್ತೀರಾ ಮೇಷ್ಟ್ರೆ ಎಂದಳು. ಹೋದೆ.

ಮನೆಯಲ್ಲಿ ಮರುಳಸಿದ್ದಮ್ಮ ಒಬ್ಬಳೇ ಇದ್ದಳು. ಆ ಹೆರಿಗೆಯ ನಂತರ ಅವಳಿಗೆ ಮಕ್ಕಳಾಗಲಿಲ್ಲ. ಸುಂಕಲಮ್ಮ ಬಾಗಿಲ ಹೊರಗೇ ಕುಕ್ಕರಗಾಲಿನಲ್ಲಿ ಕೂತು, ಲಿಂಗವಿದ್ದ ಬಟ್ಟೆಯ ಗಂಟನ್ನು ಹೊಸ್ತಿಲ ಮೇಲಿಟ್ಟು ಎಲ್ಲವನ್ನೂ ಹೇಳಿದಳು. ಹೊಂಗೆ ಮರದ ಸುಳ್ಳನ್ನೂ ಹೇಳಿದಳು. ಅದನ್ನು ಹೇಳುವಾಗಲೇ ಆಕೆಯ ದನಿ ಒಡೆದದ್ದು, ಏಕೆಂದರೆ ಆ ಮನೆಯವರು ಪ್ರತಿ ಶ್ರಾವಣದಲ್ಲೂ ಅಲ್ಲಿಗೆ ಹೋಗಿ ಹಾಲು ಬಿಟ್ಟು ಬರುತ್ತಿದ್ದುದು ಆಕೆಗೆ ಗೊತ್ತಿತ್ತು.

ಮರುಳಸಿದ್ದಮ್ಮ ಬೈಯಲಿಲ್ಲ. ಗಂಟನ್ನು ಬಿಚ್ಚಿ ನೋಡಿ ಮತ್ತೆ ಕಟ್ಟಿದಳು. ಆಮೇಲೆ ಕೇಳಿದಳು.

“ಹೆಂಗಿತ್ತು? ನನಗೆ ಮುಖ ತೋರಿಸಲಿಲ್ಲ.”

ತಲೆತುಂಬ ಕೂದಲಿತ್ತು ಎಂದಳು ಸುಂಕಲಮ್ಮ.

ಎರಡು ದಿನ ಬಿಟ್ಟು ಮರುಳಸಿದ್ದಮ್ಮ, ಬಕ್ಕೇಶ್, ತೋಟಪ್ಪನವರು ಕಾಲೇಜಿಗೆ ಹೋದರು. ದಾರಿ ತೋರಿಸಲು ಸುಂಕಲಮ್ಮನೂ ನಾನೂ ಹೋಗಬೇಕಾಯಿತು. ಬಕ್ಕೇಶ್ ಸಿಟ್ಟಿನಲ್ಲಿದ್ದ, ಪೊಲೀಸಿಗೆ ಹೇಳುತ್ತೇನೆ ಎನ್ನುತ್ತಿದ್ದ. ವಾಮದೇವಪ್ಪನವರು ಬಾಗಿಲು ಹಾಕಿಕೊಂಡು ಬಂದು, ಆ ಕಾಲದಲ್ಲಿ ಹಾಗೆ ಕೇಳುವ ರೂಢಿಯೇ ಇರಲಿಲ್ಲ, ಐದು ವರ್ಷದಲ್ಲಿ ನೂರಾರು ಹುಡುಗರು ಇದನ್ನು ನೋಡಿ ಕಲಿತಿದ್ದಾರೆ, ಅವರು ಎಷ್ಟು ಜನ ತಾಯಂದಿರನ್ನು ಉಳಿಸಿದ್ದಾರೋ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಅದು ಸುಳ್ಳೂ ಅಲ್ಲ.

“ಕಲ್ತಿದ್ದು ತಪ್ಪು ಅನ್ನಂಗಿಲ್ರಿ” ಎಂದಳು ಮರುಳಸಿದ್ದಮ್ಮ. “ಕೇಳಿದ್ರೆ ನಾನೇ ಕೊಡ್ತಿದ್ನೋ ಏನೋ. ಈಗ ಅದೂ ಗೊತ್ತಾಗಂಗಿಲ್ಲ.”

ವಾಮದೇವಪ್ಪನವರು ಎದ್ದರು. ಬಾಟಲಿಯನ್ನು ತಾವೇ ಇಳಿಸಿದರು. ಒಳಗಿನ ಕೋಣೆಯಲ್ಲಿ ಕೂಸನ್ನು ನೀರಿನಲ್ಲಿ ತೊಳೆಯಬೇಕಾಗಿತ್ತು. ಸುಂಕಲಮ್ಮ ಅಭ್ಯಾಸಬಲದಿಂದ ಸೆರಗು ಸಿಕ್ಕಿಸಿ ಮುಂದೆ ಹೋದಳು. ತೋಟಪ್ಪನವರು ಕೈ ಅಡ್ಡ ಹಿಡಿದರು. “ನೀ ಬ್ಯಾಡ” ಎಂದರು, ಅಷ್ಟೇ. ಆಕೆ ಹಿಂದಕ್ಕೆ ಸರಿದು ಗೋಡೆಗೆ ಒರಗಿದಳು. ಇಷ್ಟು ವರ್ಷದಲ್ಲಿ ಆಕೆಯ ಮುಖ ಹಾಗಾದದ್ದನ್ನು ನಾನು ನೋಡಿರಲಿಲ್ಲ. ಮರುಳಸಿದ್ದಮ್ಮನೇ ತೊಳೆದಳು. ಮುಖವನ್ನು ಬಹಳ ಹೊತ್ತು ನೋಡಿದಳು.

ಅವರ ರುದ್ರಭೂಮಿಯಲ್ಲಿ ಲಿಂಗ ಕಟ್ಟಿ ಮಣ್ಣು ಮಾಡಿದರು. ನಮ್ಮನ್ನು ಕರೆಯಲಿಲ್ಲ. ಬಕ್ಕೇಶ್ ಪೊಲೀಸಿಗೆ ಹೋಗಲಿಲ್ಲ; ಹೆಂಡತಿ ಬೇಡವೆಂದಳಂತೆ.

ಉಳಿದ ಹತ್ತು ಕೂಸುಗಳ ಮನೆಯವರನ್ನು ಹುಡುಕಬೇಕೆಂದು ಸುಂಕಲಮ್ಮ ಹಟ ಹಿಡಿದಳು. ಹಳೆಯ ರಿಜಿಸ್ಟರಿನಿಂದ ನಾನು ಹೆಸರು ಬರೆದುಕೊಟ್ಟೆ. ಮೂವರ ಮನೆ ಸಿಕ್ಕಿತು. ದೇವರಾಜ ಅರಸು ಬಡಾವಣೆಯಲ್ಲಿದ್ದ ಒಬ್ಬಾಕೆ ಬಾಗಿಲು ಅರ್ಧ ತೆರೆದು, ನನ್ನ ಗಂಡನಿಗೆ ಆ ಬಸುರಿನ ಸಂಗತಿಯೇ ಗೊತ್ತಿಲ್ಲ, ಮತ್ತೆ ಬರಬೇಡಿ ಎಂದಳು. ಓಬವ್ವ ಎಂಬ ಕೂಲಿಯಾಕೆ ಕೇಳಿ ನಕ್ಕುಬಿಟ್ಟಳು, ಓದೋ ಮಕ್ಕಳಿಗೆ ಆಯ್ತಲ್ಲ ಬಿಡ್ರಿ ಎಂದಳು. ನಾವು ತಿರುಗಿ ನೋಡಿದಾಗ ಅಂಗಳದಲ್ಲಿ ಕೂತು ಅಳುತ್ತಿದ್ದಳು. ಮೂರನೆಯವಳು ತೀರಿಹೋಗಿದ್ದಳು. ಅಲ್ಲಿಗೆ ಸುಂಕಲಮ್ಮ ನಿಲ್ಲಿಸಿದಳು. ಹೇಳಿ ಹಗುರಾಗಬೇಕೆಂದು ಹೊರಟವಳು ಅವರ ತಲೆಯ ಮೇಲೆ ಹೊರೆ ಇಟ್ಟು ಬರುತ್ತಿದ್ದೇನೆ ಎಂದು ಆಕೆಗೆ ಅನಿಸಿತಂತೆ.

ಆ ವರ್ಷವೇ ಕೆಲಸ ಬಿಟ್ಟಳು. ಕಾಲೇಜಿನಲ್ಲಿ ತಾಯಿಯ ಸಹಿ ಇಲ್ಲದೆ ಏನನ್ನೂ ತೆಗೆದುಕೊಳ್ಳಬಾರದೆಂಬ ಕಾಗದವೊಂದನ್ನು ವಾಮದೇವಪ್ಪನವರು ಮಾಡಿಸಿದರೆಂದು ಕೇಳಿದೆ. ಸುಧಾ ಅಜ್ಜಿಯನ್ನು ಬಿಟ್ಟು ಹೋಗಲಿಲ್ಲ, ಬಡಿಸಿದ್ದನ್ನು ಉಣ್ಣುತ್ತಿದ್ದಳು, ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದಳು. ಆದರೆ ಗೆಳತಿಯರ ಮುಂದೆ ಅಜ್ಜಿಯ ಮಾತು ಎತ್ತುವುದನ್ನು ನಿಲ್ಲಿಸಿದಳು. ಸುಂಕಲಮ್ಮ ಅದನ್ನು ಗಮನಿಸಿದ್ದಳು.

ಸಂತೆಯಲ್ಲಿ ಆಕೆಗೆ ಆಗಾಗ ಮರುಳಸಿದ್ದಮ್ಮ ಎದುರಾಗುತ್ತಿದ್ದಳು. ಚೆನ್ನಾಗಿದೀಯೇನವ್ವ ಎಂದು ಮೊದಲು ಮಾತಾಡಿಸುತ್ತಿದ್ದವಳು ಅವಳೇ. ಸುಂಕಲಮ್ಮ ಚೀಲವನ್ನು ಎದೆಗೆ ಒತ್ತಿಕೊಂಡು ಹೂಂ ಎನ್ನುತ್ತಿದ್ದಳು. ಈಗ ಬುಧವಾರದ ಸಂತೆಗೆ ಆಕೆ ಜನ ಸೇರುವ ಮೊದಲೇ ಹೋಗಿ ಬಂದುಬಿಡುತ್ತಾಳೆ.