ಆವತಿ ಸುಬೇದಾರರ ರಜೆ ಪಟ್ಟಿ

ನಮ್ಮನೆಯವ್ರ ವಿಷಯ ಹೇಳು ಅಂತ ಯಾರಾದ್ರೂ ಕೇಳಿದ್ರೆ ನಂಗೆ ಮೊದ್ಲು ಸಿಟ್ಟು ಬರುತ್ತೆ, ಆಮೇಲೆ ನಗು ಬರುತ್ತೆ. ಈಗಂತೂ ಎರಡೂ ಒಟ್ಟಿಗೇ ಬರ್ತಿವೆ, ಯಾಕಂದ್ರೆ ಇದೆಲ್ಲ ಆಗಿರೋದು ಹೋದ ವಾರ.

ಅವ್ರ ಹೆಸ್ರು ಅಂಬರೀಶ್. ಸೈನ್ಯಕ್ಕೆ ಸೇರಿ ಇಪ್ಪತ್ತನಾಲ್ಕು ವರ್ಷ, ಈಗ ನಾಯಬ್ ಸುಬೇದಾರ್. ನಾನು ಪ್ರಮೋದಾ, ಅವ್ರ ಹೆಂಡ್ತಿ. ದೇವನಹಳ್ಳಿ ಹತ್ರದ ಆವತೀಲಿ ಅತ್ತೆ ಅನುಸೂಯಮ್ಮನ ಜೊತೆ ಇದ್ದೀನಿ. ರಜೇಲಿ ಬಂದಾಗ ಅರಳಿಕಟ್ಟೆ ಹತ್ರ ಯಾರಾದ್ರೂ "ಎಷ್ಟು ಜನ ಶತ್ರುಗಳನ್ನ ಹೊಡೆದ್ರಿ ಸುಬೇದಾರ್ರೇ" ಅಂತ ಕೇಳಿದ್ರೆ, ಇವ್ರು "ಈ ಸಲ ಇನ್ನೂರು ಲಾರಿ ಈರುಳ್ಳಿ, ಮುನ್ನೂರು ಲಾರಿ ಸೀಮೆಎಣ್ಣೆ" ಅಂತಾರೆ. ತಮಾಷೆ ಅಲ್ಲ, ಅವ್ರ ಕೆಲಸಾನೇ ಅದು. ಲಡಾಖ್ ಕಡೆ ಬೆಟ್ಟದ ತುದೀಲಿ ಬಂದೂಕು ಹಿಡಿದು ನಿಂತೋರಿಗೆ ಅಕ್ಕಿ, ಬೇಳೆ, ಮೊಟ್ಟೆ, ಸೀಮೆಎಣ್ಣೆ ಹೊತ್ತು ಮುಟ್ಟಿಸೋ ಪಡೆ ಇವ್ರದ್ದು. ಹಿಮ ಬಿದ್ದು ಘಾಟ್ ರಸ್ತೆ ಮುಚ್ಚೋದ್ರೊಳಗೆ ಆರು ತಿಂಗಳ ದಿನಸಿ ಮೇಲಕ್ಕೆ ಹತ್ತಿರಬೇಕು. ಯಾವ ಲಾರಿ ಹೊರಡುತ್ತೆ, ಯಾವ ಡ್ರೈವರ್ ಹೋಗ್ತಾನೆ, ಯಾರಿಗೆ ಯಾವಾಗ ರಜೆ, ಇದರ ಪಟ್ಟಿ ಬರೆಯೋರು ಇವ್ರೇ.

ಬಲು ನಿಯತ್ತಿನ ಮನುಷ್ಯ. ಆ ನಿಯತ್ತೇ ನಂಗೆ ತಲೆನೋವು. ಬಡಿಸೋನು ನಮ್ಮವನಾದ್ರೆ ಕೊನೇ ಪಂಕ್ತೀಲಿ ಕೂತ್ರೂ ಪರ್ವಾಗಿಲ್ಲ ಅಂತ ಗಾದೆ ಇದ್ಯಲ್ಲ, ನಮ್ಮನೇಲಿ ಅದು ಉಲ್ಟಾ. ಇವ್ರ ತಂಗಿ ಮನೆ ಗೃಹಪ್ರವೇಶದಲ್ಲಿ ಒಬ್ಬಟ್ಟು ಬಡಿಸೋಕೆ ನಿಂತ್ರು. ಊರೋರಿಗೆಲ್ಲ ಎರಡೆರಡು ಬಿತ್ತು, ಹೆತ್ತ ತಾಯಿ ಮೊದಲ ಪಂಕ್ತೀಲಿ ಕೂತು ಬರೀ ಅನ್ನ ಸಾರಲ್ಲಿ ಊಟ ಮುಗಿಸಿದ್ರು. ಯಾಕ್ರೀ ಅಂದ್ರೆ, "ನಮ್ಮೋರಿಗೆ ಮೊದ್ಲು ಹಾಕ್ದ ಅಂತ ಯಾರೂ ಅನ್ಬಾರ್ದು ಪ್ರಮೋದಾ" ಅಂದ್ರು. ಅತ್ತೆ ಈಗ್ಲೂ ಅದನ್ನ ಹೇಳ್ಕೊಂಡು ಮಗನನ್ನ ಬೈತಾರೆ.

ಒಬ್ಬಟ್ಟಾದ್ರೆ ಹಾಳಾಗ್ ಹೋಗ್ಲಿ. ರಜೆ ವಿಷಯದಲ್ಲೂ ಇದೇ ಬುದ್ಧಿ ತೋರಿಸ್ತಾರೆ ಅಂತ ನಂಗೆ ಗೊತ್ತಾಗಿದ್ದು ಹೊಸಕೋಟೇಲಿ.

ಹೋದ ವರ್ಷ ಇವ್ರ ಪಡೆಗೆ ಹೊಸಕೋಟೆಯ ರಾಹಿಲ್ ಅನ್ನೋನು ಡ್ರೈವರ್ ಆಗಿ ಬಂದ. ತರಕಾರಿ ವ್ಯಾಪಾರದ ಸರ್ದಾರ್ ಪಾಷಾ ಅವ್ರ ಮಗ. ಪಾಷಾ ಅವ್ರು ಬೆಳಗಾದ್ರೆ ನಂದಗುಡಿ, ಅನುಗೊಂಡನಹಳ್ಳಿ ಕಡೆ ಗೂಡ್ಸ್ ಗಾಡಿ ಓಡಿಸ್ಕೊಂಡು ಹೋಗಿ ತೋಟಗಳಿಂದ ಟೊಮೇಟೊ, ಬೀನ್ಸು ತುಂಬಿಸ್ಕೊಂಡು ಬರ್ತಾರೆ. ನಂಗೆ ಯಾರೂ ಹೇಳಿಲ್ಲ, ಆದ್ರೂ ಈ ಸುತ್ತಿನ ಮಿಲಿಟರಿಯವ್ರ ಮನೆಗೆಲ್ಲ ಸ್ಕೂಟರಲ್ಲಿ ಹೋಗಿ ಬರೋದು ನನ್ನ ಅಭ್ಯಾಸ. ಕ್ಯಾಂಟೀನ್ ಕಾರ್ಡು ಮಾಡ್ಸೋದು, ಅರ್ಜಿ ಬರ್ಕೊಡೋದು, ಆಸ್ಪತ್ರೆಗೆ ಜೊತೆ ಹೋಗೋದು. ಗಂಡ ದೂರ ಇದ್ದಾಗ ಒಂದು ಸಣ್ಣ ಕಾಗದಕ್ಕೂ ಎಷ್ಟು ಒದ್ದಾಡ್ಬೇಕು ಅಂತ ನಂಗೆ ಚೆನ್ನಾಗಿ ಗೊತ್ತು.

ರಾಹಿಲ್ ಹೆಂಡ್ತಿ ಫಿರ್ದೌಸ್‌ಗೆ ಹೋದ ವಾರ ನಾನು ಹೋದಾಗ ಒಂಬತ್ತು ತಿಂಗಳು ತುಂಬ್ತಾ ಇತ್ತು. ಡಾಕ್ಟ್ರು ಇನ್ನು ಹತ್ತು ದಿನ ಅಂದಿದ್ರು. ಹಿಂದಿನ ಸಲ ಆರನೇ ತಿಂಗಳಲ್ಲಿ ಮಗು ಹೋಗಿತ್ತು, ಆಗ ರಾಹಿಲ್ ಅಸ್ಸಾಮಲ್ಲಿದ್ದ. ಅವಳ ಅತ್ತೆ ಆಮಿನಾ ಮಗಳ ಥರ ನೋಡ್ಕೊಂಡಿದ್ರು ನಿಜ. ಆದ್ರೆ ಫಿರ್ದೌಸ್ ನನ್ನ ಕೈ ಹಿಡ್ಕೊಂಡು, "ಅಕ್ಕ, ಈ ಸಲ ಅವ್ರು ಬಾಗಿಲ ಹೊರಗಾದ್ರೂ ನಿಂತಿರ್ಬೇಕು. ಇಲ್ಲಾಂದ್ರೆ ನನ್ನ ಕೈಲಾಗಲ್ಲ" ಅಂದ್ಳು. ಹೇಳಿ, ಮೊಬೈಲ್ ನನ್ನ ಮುಂದೆ ಹಿಡಿದ್ಳು. ರಾಹಿಲ್ ಬರೆದಿದ್ದ: "ರಜೆ ನಂಬರ್ ಮತ್ತೆ ಹಿಂದಕ್ಕೆ ಹೋಯ್ತು. ಮೂರನೇ ಸಲ. ಸಾಹೇಬ್ರನ್ನ ಕೇಳೋಕಾಗಲ್ಲ, ನಮ್ಮ ಕಡೆಯವ್ರು. ಅವ್ರಿಗೆ ಕೆಟ್ಟ ಹೆಸ್ರು ಬರುತ್ತೆ."

ಆ ಸಾಹೇಬ್ರು ನನ್ನ ಗಂಡ. ನೆಲ ಬಾಯಿ ಬಿಟ್ಟು ನನ್ನ ನುಂಗಬಾರ್ದಾ ಅನ್ನಿಸ್ತು.

ಸಂಜೆ ಆರಕ್ಕೆ ಅವ್ರ ಫೋನಿಗೆ ಸಿಗ್ನಲ್ ಸಿಗೋದು. ಹಲೋ ಅನ್ನೋಕೂ ಬಿಡ್ಲಿಲ್ಲ ನಾನು. "ರಾಹಿಲ್ ಸರದಿ ಯಾಕ್ರೀ ತಪ್ಪಿಸಿದ್ರಿ?"

"ಒಬ್ಬನ ತಂಗಿ ಮದ್ವೆ ಇತ್ತು. ಇನ್ನೊಬ್ಬನ ಅಪ್ಪನಿಗೆ ಹುಷಾರಿರ್ಲಿಲ್ಲ" ಅಂದ್ರು.

"ಮೂರನೇ ಸಲ?"

ಆಗ ನಿಧಾನಕ್ಕೆ ಬಾಯಿ ಬಿಟ್ರು. ಅಲ್ಲಿ ಪಡೆಯ ಅಡುಗೆ ಮನೆ ಹತ್ರ ಯಾರೋ ಇಬ್ರು ಮಾತಾಡ್ಕೊಂಡ್ರಂತೆ, ಸಾಹೇಬ್ರು ತಮ್ಮೂರ ಕಡೆಯವನ್ನ ಮೊದ್ಲು ಮನೆಗೆ ಕಳಿಸ್ತಾರೆ ನೋಡ್ತಿರು ಅಂತ. ಅದು ಕಿವಿಗೆ ಬಿದ್ದಿದ್ದೇ ತಡ, ಇವ್ರು ಹೋಗಿ ರಾಹಿಲ್ ಹೆಸ್ರು ಹೊಡೆದುಹಾಕಿ ಕೆಳಗೆ ಬರೆದವ್ರೆ.

ನಂಗೆ ಎಲ್ಲಿತ್ತೋ ಸಿಟ್ಟು. "ನಮ್ಮ ಕಡೆಯವನು ಅಂತ ಮುಂದಕ್ಕೆ ಹಾಕಿದ್ರೆ ಅನ್ಯಾಯ, ನಮ್ಮ ಕಡೆಯವನು ಅಂತ ಹಿಂದಕ್ಕೆ ತಳ್ಳಿದ್ರೆ ಅದು ನ್ಯಾಯಾನಾ? ನಿಮ್ಮ ಹೆಸ್ರು ಚೊಕ್ಕವಾಗಿರ್ಲಿ ಅಂತ ಆ ಹೆಣ್ಮಗು ಅಳ್ಬೇಕಾ? ಲಾರಿಗೆ ದಿನಾ ಆಯಿಲ್ ನೋಡ್ತೀರಿ, ಬ್ರೇಕ್ ನೋಡ್ತೀರಿ. ಹೆರಿಗೆ ಕೋಣೇಲಿ ಮನಸ್ಸಿಟ್ಕೊಂಡು ಆ ಘಾಟಲ್ಲಿ ಸ್ಟೇರಿಂಗ್ ತಿರುಗಿಸೋನನ್ನ ಯಾವತ್ತಾದ್ರೂ ನೋಡಿದ್ರಾ? ಅವ್ನು ಕಣಿವೆಗೆ ಬಿದ್ರೆ ಯಾವ ಪಟ್ಟೀಲಿ ಬರೀತೀರಾ?"

ಫೋನ್ ಕಟ್ಟಾಯ್ತು. ಅವ್ರು ಕಟ್ ಮಾಡಿದ್ರೋ, ಸಿಗ್ನಲ್ ಹೋಯ್ತೋ ಗೊತ್ತಾಗ್ಲಿಲ್ಲ. ಎರಡು ದಿನ ಮಾತಿಲ್ಲ ಕತೆಯಿಲ್ಲ. ನಮ್ಮತ್ತೆ ಮಾತ್ರ "ಸರಿಯಾಗಿ ಹೇಳ್ದೆ ಬಿಡು" ಅಂದ್ರು.

ಮೂರನೇ ದಿನ ಬೆಳಿಗ್ಗೆ ಅವ್ರದ್ದೇ ಫೋನು. ಅಲ್ಲಿ ಹಿಂದಗಡೆ ಗಾಳಿ ಭರ್ರೋ ಅಂತಿತ್ತು. "ಪ್ರಮೋದಾ, ಹೊಸ ಪಟ್ಟಿ ಬರೆದೆ. ಯಾರು ಯಾವ ತಾರೀಕು ರಜೆ ಮುಗಿಸಿ ಬಂದ್ರು, ಅದರ ಪ್ರಕಾರ ಮಾತ್ರ. ಊರು ನೋಡ್ಲಿಲ್ಲ, ಮುಖ ನೋಡ್ಲಿಲ್ಲ. ರಾಹಿಲ್ ಎರಡನೇ ನಂಬರ್. ನಾಳೆ ಹೊರಡ್ತಾನೆ."

"ಮೊದಲನೇದು ಯಾರು?" ಅಂತ ಕೇಳೋಷ್ಟರಲ್ಲಿ ಲೈನ್ ಸತ್ತೋಯ್ತು. ಯಾರಾದ್ರೆ ನಂಗೇನು ಅಂದ್ಕೊಂಡು ಫಿರ್ದೌಸ್‌ಗೆ ಫೋನ್ ಹಚ್ಚಿದೆ. ಆ ಹುಡುಗಿ ನಕ್ಕಿದ್ದು ಕೇಳಿ ನಾನು ಅಡುಗೆಮನೇಲಿ ನಿಂತೇ ಕುಣಿದುಬಿಟ್ಟೆ.

ಆ ಖುಷಿ ಜಾಸ್ತಿ ಹೊತ್ತು ಉಳೀಲಿಲ್ಲ. ಮಾರನೇ ದಿನ ಆ ಕಡೆ ಹಿಮ ಶುರುವಾಯ್ತು. ಬೆಳಿಗ್ಗೆ ಎಂಟಕ್ಕೆ ರಾಹಿಲ್ ಮೆಸೇಜು ಫಿರ್ದೌಸ್‌ಗೆ ಬಂತು, ಅವಳು ನಂಗೆ ಕಳ್ಸಿದ್ಳು: "ಘಾಟ್ ಹತ್ತಿದ್ವಿ." ಅಷ್ಟೇ. ಹತ್ತು ಗಂಟೆ, ಹನ್ನೆರಡು, ಎರಡು, ಏನೂ ಇಲ್ಲ. ನಾನು ಮುದ್ದೆ ತಿರುವ್ತಾ ತಿರುವ್ತಾ ಮೊಬೈಲ್ ನೋಡೋದು, ಕೋಲು ಬಿಟ್ಟು ಮೊಬೈಲ್ ನೋಡೋದು. ಮೂರೂವರೆಗೆ ಬಂತು: "ದಾಟಿದ್ವಿ. ನಮ್ಮ ಹಿಂದೆ ರಸ್ತೆ ಮುಚ್ಚಿದ್ರು." ಆ ಮೆಸೇಜು ಬಂದು ಅರ್ಧ ಗಂಟೆ ಆಗಿತ್ತೋ ಇಲ್ವೋ, ಆಮಿನಾ ಫೋನ್ ಮಾಡಿದ್ರು. ಫಿರ್ದೌಸ್‌ಗೆ ಸಣ್ಣಗೆ ನೋವು ಶುರುವಾಗಿತ್ತು. ಡಾಕ್ಟ್ರು ಹೇಳಿದ ದಿನಕ್ಕೆ ಇನ್ನೂ ಆರು ದಿನ ಇತ್ತು.

ಮಾರನೇ ಬೆಳಿಗ್ಗೆ ಹೊಸಕೋಟೆ ಆಸ್ಪತ್ರೆಗೆ ಸೇರಿಸಿದ್ರು. ರಾಹಿಲ್ ವಿಮಾನ ಹನ್ನೊಂದಕ್ಕೆ ದೇವನಹಳ್ಳೀಲಿ ಇಳೀಬೇಕು. ಪಾಷಾ ಅವ್ರು ತೋಟದಿಂದ ನೇರ ಬಂದಿದ್ರು, ಗಾಡಿ ತುಂಬ ಟೊಮೇಟೊ ಕ್ರೇಟು. ಅದನ್ನ ಏರ್‌ಪೋರ್ಟ್ ಒಳಕ್ಕೆ ಬಿಡಲ್ಲ ಅಂತ ಹೆದ್ದಾರಿ ಪಕ್ಕ ಪೆಟ್ರೋಲ್ ಬಂಕಲ್ಲಿ ನಿಂತ್ರು. ನಾನು ಸ್ಕೂಟರ್ ತಗೊಂಡು ಒಳಗೆ ಹೋದೆ. ಕರ್ಕೊಂಡು ಬಂದು ಬಂಕಿಗೆ ಬಿಡೋದು ನನ್ನ ಜವಾಬ್ದಾರಿ ಅಂತ ಮಾತಾಗಿತ್ತು.

ಹನ್ನೊಂದೂ ಇಪ್ಪತ್ತಕ್ಕೆ ರಾಹಿಲ್ ಹೊರಗೆ ಬಂದ, ಮುಖವೆಲ್ಲ ಬಿಸಿಲು ಹಿಮಕ್ಕೆ ಸುಟ್ಟು ಕರ್ರಗಾಗಿತ್ತು. ಕೈ ಬೀಸಿದೆ. ಅವ್ನ ಹಿಂದೆ ಇನ್ನೊಬ್ರು ಟ್ರಂಕ್ ಎಳ್ಕೊಂಡು ಬರ್ತಿದ್ರು. ನೋಡ್ತೀನಿ, ನಮ್ಮನೆಯವ್ರು.

ಮದ್ವೆಯಾಗಿ ಇಪ್ಪತ್ತು ವರ್ಷದಲ್ಲಿ ಅವ್ರನ್ನ ನೋಡಿ ಇಷ್ಟು ಖುಷಿಯಾಗಿದ್ದು ನಂಗೆ ನೆನಪಿಲ್ಲ. ಆದ್ರೂ ಬಾಯಿಂದ ಬಂದಿದ್ದು, "ಇರೋದು ಒಂದು ಸ್ಕೂಟ್ರು, ನಿಮ್ಮನ್ನೆಲ್ಲಿ ಕೂರಿಸ್ಲಿ?" ಅವ್ರು ಕಳ್ಳ ನಗು ನಕ್ಕು, "ನಾವು ಟ್ಯಾಕ್ಸೀಲಿ ಬಂಕಿಗೆ ಬರ್ತೀವಿ, ನೀನು ಮುಂದೆ ನಡಿ" ಅಂದ್ರು.

ಬಂಕಲ್ಲಿ ಸ್ಕೂಟರ್ ಬಿಟ್ಟು ಮೂರು ಜನಾನೂ ಗೂಡ್ಸ್ ಗಾಡಿ ಹಿಂದೆ ಕ್ರೇಟುಗಳ ನಡುವೆ ಹತ್ತಿದ್ವಿ. ಮುಂದಿನ ಸೀಟಲ್ಲಿ ಕೊತ್ತಂಬರಿ ಮೂಟೆ, ಇಳ್ಸೋಕೆ ಪುರುಸೊತ್ತೆಲ್ಲಿ? ರಾಹಿಲ್ ಅಪ್ಪನ ಹತ್ರ ಹೋಗಿ, "ಅಬ್ಬಾ, ನಾನು ಓಡಿಸ್ತೀನಿ" ಅಂದ. ಪಾಷಾ ಅವ್ರು ಕೀ ಕೊಡ್ದೆ, "ಬೇಡಪ್ಪಾ, ನಿನ್ನ ಮನಸ್ಸೆಲ್ಲ ಆಸ್ಪತ್ರೇಲಿದೆ" ಅಂತ ತಾವೇ ಸ್ಟೇರಿಂಗ್ ಹಿಡಿದ್ರು. ಹಿಮದ ಘಾಟ್ ದಾಟಿ ಬಂದೋನು ಸೂಲಿಬೆಲೆ ರಸ್ತೇಲಿ ಟೊಮೇಟೊ ಕ್ರೇಟ್ ಹಿಡ್ಕೊಂಡು ಕೂತಿದ್ದ.

ಅವ್ನ ಗಮನ ಬೇರೆ ಕಡೆ ತಿರುಗಿಸೋಣ ಅಂತ ನಾನು, "ಇವ್ರು ಹೆಂಗಪ್ಪಾ ಬಂದ್ರು?" ಅಂದೆ. ಗಾಳೀಲಿ ಕೂಗಿ ಕೂಗಿ ಹೇಳ್ದ. ಅವ್ರಲ್ಲಿ ಸೈನಿಕ ಸಮ್ಮೇಳನ ಅಂತ ನಡೆಯುತ್ತಂತೆ. ಕರ್ನಲ್ ಸಾಹೇಬ್ರು ಎದುರಿಗೆ ನಿಂತು, ಯಾರಿಗೆ ಏನು ತೊಂದ್ರೆ ಇದ್ರೂ ಹೇಳಿ ಅಂತಾರೆ. ಯಾರೂ ತುಟಿ ಬಿಚ್ಚಲ್ಲ, ಚಾ ಕುಡಿದು ಎದ್ದು ಹೋಗ್ತಾರೆ. ಈ ಸಲ ಎದ್ದು ನಿಂತಿದ್ದು ಡ್ರೈವರಲ್ಲ, ನಮ್ಮನೆಯವ್ರು. ಎಲ್ಲರೆದುರಿಗೆ, "ನಮ್ಮ ಕಡೆಯವನು ಅಂತ ಹೆದರಿ ರಾಹಿಲ್ ಸರದಿ ತಪ್ಪಿಸ್ದೆ, ತಪ್ಪು ನಂದು" ಅಂದು ಹೊಸ ಪಟ್ಟಿ ಕೊಟ್ರಂತೆ. ಕರ್ನಲ್ ಓದಿದ್ರು. "ಮೊದಲ ಹೆಸ್ರು ನಿಮ್ದೇ ಇದೆ. ಹದಿನಾರು ತಿಂಗಳಾಗಿದೆ ಮನೆಗೆ ಹೋಗಿ."

"ಅದನ್ನ ಬಿಟ್ಟು ಮುಂದಿನದ್ದು ನೋಡಿ ಸರ್" ಅಂದ್ರಂತೆ ನಮ್ಮ ಮಹಾನುಭಾವ.

"ಬಿಡೋಕೆ ನೀವ್ಯಾರು? ಇಬ್ರೂ ನಾಳೆ ಹೊರಡಿ."

ನಮ್ಮನೆಯವ್ರು ಟ್ರಂಕ್ ಮೇಲೆ ಕೂತು ರಸ್ತೆ ಕಡೆ ಮುಖ ಮಾಡಿದ್ರು. ಕಿವಿ ಕೆಂಪಗಾಗಿತ್ತು. ಸೂಲಿಬೆಲೆ ದಾಟೋವಾಗ ಆಮಿನಾ ಫೋನು, "ಹೆರಿಗೆ ಕೋಣೆಗೆ ಕರ್ಕೊಂಡು ಹೋದ್ರು." ನಾನು ಕ್ಯಾಬಿನ್ ತಟ್ಟಿ, "ಪಾಷಾ ಅಣ್ಣ, ಹೊಡೀರಿ ಗಾಡಿ" ಅಂದೆ. ಆ ಮನುಷ್ಯ ಹೊಡೆದ ಹೊಡೆತಕ್ಕೆ ಎರಡು ಕ್ರೇಟು ಟೊಮೇಟೊ ಚಟ್ನಿ ಆಯ್ತು.

ಆಸ್ಪತ್ರೆ ಮುಂದೆ ಗಾಡಿ ನಿಲ್ಲೋಕೆ ಮುಂಚೇನೇ ರಾಹಿಲ್ ಹಾರಿ ಓಡ್ದ. ಹೆರಿಗೆ ಕೋಣೆ ಬಾಗಿಲಿಗೆ ಹಣೆ ಹಚ್ಚಿ, "ಫಿರ್ದೌಸ್, ನಾನು ಬಂದ್ಬಿಟ್ಟೆ" ಅಂದ. ಒಳಗಿಂದ ಅವಳು ಬೈದಿದ್ದು ವರಾಂಡಕ್ಕೆಲ್ಲ ಕೇಳಿಸ್ತು. ಅದನ್ನ ಇಲ್ಲಿ ಹೇಳೋ ಹಂಗಿಲ್ಲ. ಇಪ್ಪತ್ತು ನಿಮಿಷಕ್ಕೆ ಮಗು ಅಳು ಬಂತು. ಹೆಣ್ಣು ಮಗು, ಮೂರು ಕೆಜಿ, ತಾಯಿ ಮಗು ಇಬ್ರೂ ಚೆನ್ನಾಗಿದ್ರು. ಆಮಿನಾ ನನ್ನ ತಬ್ಕೊಂಡು ಅತ್ರು, ನಾನೂ ಅತ್ತೆ.

ಸಂಜೆ ಫಿರ್ದೌಸನ್ನ ವಾರ್ಡಿಗೆ ತಂದ್ಮೇಲೆ ನಮ್ಮನೆಯವ್ರು ಬಾಗಿಲಲ್ಲೇ ನಿಂತು, "ನನ್ನಿಂದ ತಪ್ಪಾಯ್ತಮ್ಮ" ಅಂದ್ರು.

ಫಿರ್ದೌಸ್ ತಲೆ ಎತ್ತಿ, "ಇವ್ರ ರಜೆ ಎಷ್ಟು ದಿನ ಸಾಹೇಬ್ರೇ?" ಅಂದ್ಳು.

"ಮೂವತ್ತು."

"ಮೂರು ಸಲ ತಪ್ಪಿಸಿದ್ದೀರಿ. ಇನ್ನೊಂದು ತಿಂಗಳು ಸೇರಿಸಿ."

ರಾಹಿಲ್ ನೆಲ ನೋಡ್ದ. ನಾನು ಇವ್ರ ಮುಖ ನೋಡ್ದೆ. ಆ ಹೊತ್ತಲ್ಲಿ ಇಲ್ಲ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ? ಹೂಂ ಅಂದ್ಬಿಡ್ತಾರೆ ಅಂತ ನಂಗೆ ಭಯ ಆಯ್ತು.

"ಆಗಲ್ಲಮ್ಮ" ಅಂದ್ರು. ದನಿ ಸಣ್ಣಗಿತ್ತು. "ಇವನು ವಾಪಸ್ ಬಂದ್ಮೇಲೆ ಹೊರಡ್ಬೇಕಾದೋನು ಬಿಹಾರದ ಹುಡುಗ. ಅದು ಅವನ ಸರದಿ."

"ಅವನಿಗೆ ಮಕ್ಕಳಿದಾರಾ?"

"ಒಂದು ಗಂಡು. ಮೂರು ತಿಂಗಳು, ಅವನು ಹೋದ ರಜೆ ಮುಗಿಸಿ ಬಂದ್ಮೇಲೆ ಹುಟ್ಟಿದ್ದು. ಅವನಿನ್ನೂ ನೋಡಿಲ್ಲ."

ಫಿರ್ದೌಸ್ ಮಗೂನ ಎದೆಗೆ ಸರಿಸ್ಕೊಂಡ್ಳು. ಆಮೇಲೆ, "ಹಂಗಾದ್ರೆ ಇವ್ರನ್ನ ಒಂದಿನ ಮುಂಚೇನೇ ಕಳಿಸ್ತೀನಿ, ಸಾಹೇಬ್ರೇ. ಅವ್ನು ಬೇಗ ಹೊರಡ್ಲಿ" ಅಂದ್ಳು.